ಪದ ಬೇಕು: ‘ಮಲ್ಚಿಂಗ್’ಗೆ ಕನ್ನಡದಲ್ಲಿ ಏನು? ತುರ್ತು, ಶಾಲೆಯ ಫಲಕಕ್ಕೆ

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಒಂದು ಶಾಲೆಯ ಹಿತ್ತಲಿನಲ್ಲಿ ಮಕ್ಕಳು ತರಕಾರಿ ಬೆಳೆಯುತ್ತಿದ್ದಾರೆ. ಯೂರಿಯಾ, ಕೀಟನಾಶಕ ಯಾವುದೂ ಇಲ್ಲ. ಯಾವ ಕಾಲಕ್ಕೆ ಯಾವ ಕೆಲಸ ಎಂದು ತಿಳಿಸುವ ದೊಡ್ಡ ಫಲಕವನ್ನು ಗೋಡೆಯ ಮೇಲೆ ಬರೆಸಬೇಕಾಗಿದೆ. ಇಂಗ್ಲಿಷ್ ಪಠ್ಯ ಬಂದಿದೆ, ಕನ್ನಡ ಮಾಡುವುದು ನನ್ನ ಪಾಲಿಗೆ ಬಿದ್ದಿದೆ. ಶುಕ್ರವಾರ ಬೆಳಿಗ್ಗೆ ಪೇಂಟರ್ ಬರುತ್ತಾರೆ.

ಸಸಿಮಡಿ, ಪಾತಿ, ನಾಟಿ, ಚಪ್ಪರ, ಎರೆಗೊಬ್ಬರ, ಬೇವಿನ ಹಿಂಡಿ ಇವೆಲ್ಲ ತಡಕಾಡದೆ ಸಿಕ್ಕವು. ಸಿಕ್ಕಿಹಾಕಿಕೊಂಡಿರುವುದು ‘ಮಲ್ಚಿಂಗ್’ ಒಂದರಲ್ಲಿ, ಅಂದರೆ ಗಿಡದ ಬುಡದ ಮಣ್ಣನ್ನು ಎಲೆ, ಹುಲ್ಲುಗಳಿಂದ ಮುಚ್ಚುವ ಕೆಲಸ. ಹೊದಿಕೆ, ಮುಚ್ಚಿಗೆ, ಆಚ್ಛಾದನ ಮೂರನ್ನೂ ಬೇರೆ ಬೇರೆ ಕಡೆ ಓದಿದ್ದೇನೆ. ಫಲಕದಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಎಂಬ ಮೂರು ಅಂಕಣಗಳಿವೆ, ಮೂರರಲ್ಲೂ ಈ ಪದ ಬರುತ್ತದೆ. ಐದನೆಯ ತರಗತಿಯ ಮಗು ಓದಿ ತಾನಾಗಿ ಕೆಲಸಕ್ಕೆ ಇಳಿಯುವಂತಿರಬೇಕು. ಒಂದೇ ಒಂದು ಪದ ಸಾಕು.

— ಮೈಸೂರು

* * *

ಹೊದಿಕೆ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ? ಪ್ಲಾಸ್ಟಿಕ್ ಹಾಳೆ ಹಾಸಿ ಕಲ್ಲಂಗಡಿ ಬೆಳೆಯುವವರೂ ‘ಪ್ಲಾಸ್ಟಿಕ್ ಹೊದಿಕೆ’ ಎಂದೇ ಹೇಳುತ್ತಾರೆ.

— ದಾವಣಗೆರೆ

* * *

> ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ?

ಇದೆ. ಹೊದೆಯುವುದು ತನಗೆ ತಾನೇ ಮಾಡಿಕೊಳ್ಳುವ ಕೆಲಸ. ಕಂಬಳಿ ಹೊದ್ದ, ಶಾಲು ಹೊದ್ದ. ಪೊದೆ ಎಂಬ ಹಳಗನ್ನಡ ಧಾತುವಿನಲ್ಲೂ ಆ ಅರ್ಥವೇ ಮುಂದಿರುವುದು. ಇನ್ನೊಬ್ಬರಿಗೆ ಮಾಡಿದರೆ ‘ಹೊದಿಸು’. ಮಣ್ಣು ತಾನಾಗಿ ಎದ್ದು ಹುಲ್ಲನ್ನು ಎಳೆದುಕೊಳ್ಳುವುದಿಲ್ಲವಲ್ಲ? ಮುಚ್ಚು ಧಾತುವಿಗೆ ಈ ತೊಡಕಿಲ್ಲ. ಹೊಲಿಗೆ, ಅಡುಗೆ, ಮೆಚ್ಚುಗೆ ಹೇಗೋ ಹಾಗೆ ಮುಚ್ಚಿಗೆ. ಪ್ರತ್ಯಯ ನಮ್ಮದು, ಧಾತು ನಮ್ಮದು. ಕೆಲವು ಕೃಷಿ ಬರಹಗಾರರು ಆಗಲೇ ಬಳಸುತ್ತಿದ್ದಾರೆ. ಮುಚ್ಚಿಗೆ ಎಂದೇ ಬರೆಸಿ.

— ತುಮಕೂರು

* * *

ಮುಚ್ಚಿಗೆ ಎಂದರೆ ನಮ್ಮ ಕಡೆ ಮಾಡಿನ ಕೆಳಗೆ ಹಲಗೆ ಕೂರಿಸಿ ಮಾಡುವ ಮುಚ್ಚಿಗೆ. ಹಳೆಯ ಮನೆಗಳಲ್ಲಿ ಈಗಲೂ ತಲೆಯೆತ್ತಿ ನೋಡಬಹುದು. ಬದನೆ ಗಿಡಕ್ಕೆ ಮುಚ್ಚಿಗೆ ಹಾಕಿ ಎಂದರೆ ನಾವು ಬಡಗಿಗೆ ಹೇಳಿ ಕಳಿಸುತ್ತೇವೆ.

— ತೀರ್ಥಹಳ್ಳಿ

* * *

ಆಚ್ಛಾದನ. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯನ್ನು ಕೇಳಿದ ರೈತರಿಗೆಲ್ಲ ಗೊತ್ತಿರುವ ಮಾತು: ಬೀಜಾಮೃತ, ಜೀವಾಮೃತ, ಆಚ್ಛಾದನ, ವಾಫಸಾ. ಛತ್ರಿಯಲ್ಲಿರುವ ಛದ್ ಧಾತುವೇ ಇಲ್ಲಿಯೂ ಇದೆ. ಛತ್ರಿ ಬೇಕು, ಆಚ್ಛಾದನ ಬೇಡ ಎನ್ನುವುದು ಯಾವ ನ್ಯಾಯ? ಮರಾಠಿ, ಹಿಂದಿ, ತೆಲುಗು ಎಲ್ಲಕ್ಕೂ ಒಂದೇ ಪದ ಆಗಿಬರುತ್ತದೆ.

— ಧಾರವಾಡ

* * *

ಮರಾಠಿಯವರಿಗೆ ಆಗಿಬರಲಿ. ಫಲಕ ಇರುವುದು ಮೈಸೂರಿನಲ್ಲಿ.

ಆಚ್ಛಾದನ ಎಂದು ಯಾವ ಮಗು ಉಲಿಯುತ್ತದೆ? ನಮ್ಮ ನಾಲಿಗೆಯಲ್ಲಿ ಛಕಾರವೇ ಇಲ್ಲ. ಪೇಂಟರ್ ‘ಅಚ್ಚಾದನ’ ಎಂದು ಬರೆದು ದುಡ್ಡು ಎಣಿಸಿಕೊಂಡು ಹೋಗುತ್ತಾರೆ, ಮಕ್ಕಳು ಬೆಲ್ಲದ ಅಚ್ಚು ಹುಡುಕುತ್ತಾರೆ. ‘ಬುಡಹೊದಿಕೆ’ ಎಂದು ಕಟ್ಟಿಕೊಳ್ಳಿ, ಮುಗಿಯಿತು. ಹಾಗೆಯೇ ಫಲಕದಿಂದ ‘ತರಕಾರಿ’ಯನ್ನೂ ತೆಗೆಯಿರಿ. ಅದು ಹಿಂದೂಸ್ತಾನಿಯಿಂದ ಬಂದ ಸರಕು.

— ಬೆಂಗಳೂರು

* * *

ಎಲ್ಲರೂ ನಾಮಪದಕ್ಕಾಗಿ ಕಾದಾಡುತ್ತಿದ್ದೀರಿ. ಬೇಕಾಗಿರುವುದು ಕ್ರಿಯಾಪದ, ಅದೂ ಒಂದಲ್ಲ.

ಇಂಗ್ಲಿಷಿನ ‘ಮಲ್ಚ್’ ಮೊದಲಿಗೆ ಮೆತ್ತಗಿನದು ಎಂಬ ಅರ್ಥದ ಮಾತು. ಅರೆಕೊಳೆತ ಹುಲ್ಲಿಗೆ ಅಂಟಿಕೊಂಡಿತು, ಈಗ ಕಪ್ಪು ಪ್ಲಾಸ್ಟಿಕ್ ಹಾಳೆಗೂ ಅದೇ ಹೆಸರು. ಅವರಿಗೆ ಅದರಿಂದ ತೊಂದರೆ ಇಲ್ಲದಿರಬಹುದು. ಅವರ ಒಂದು ಪದಕ್ಕೆ ನಾವೂ ಒಂದೇ ಪದ ಹೊಂದಿಸಬೇಕೆಂದು ಯಾರು ಕಟ್ಟಳೆ ಮಾಡಿದರು?

ನಮ್ಮ ಸೀಮೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳಿವೆ, ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ, ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಆ ಬೆಟ್ಟದಿಂದ ಬರುವುದೆಲ್ಲ ಮಣ್ಣನ್ನು ಮುಚ್ಚುವ ಸಾಮಗ್ರಿಯೇ. ಆದರೆ ಅದಕ್ಕೆಲ್ಲ ಒಟ್ಟಾಗಿ ಒಂದು ಹೆಸರನ್ನು ಯಾರೂ ಇಟ್ಟಿಲ್ಲ. ಹಸಿಯದು ಸೊಪ್ಪು, ಉದುರಿ ಒಣಗಿದ್ದು ದರಕು, ನಿಮ್ಮ ಕಡೆಯ ತರಗೆಲೆ. ಕಬ್ಬು ಬೆಳೆಯುವ ಉತ್ತರದವರಿಗೆ ಕಬ್ಬಿನ ಒಣ ಗರಿ ರವದಿ. ಹೆಸರು ಸಾಮಗ್ರಿಗೆ, ಕೆಲಸಕ್ಕೆ ಕ್ರಿಯಾಪದ. ಭಾಷೆ ಆಗಲೇ ಹಂಚಿಟ್ಟಿದೆ.

ಈಗ ಕಾಲಗಳನ್ನು ನೋಡಿ. ಬೇಸಿಗೆಯಲ್ಲಿ ಬೆಂಡೆ, ಸೌತೆ ಗಿಡಗಳ ಬುಡಕ್ಕೆ ಎರಡು ಮೂರು ಅಂಗುಲ ದಪ್ಪಕ್ಕೆ ತರಗೆಲೆ ಕೊಡುತ್ತೇವೆ. ಅದು ತಿಂಗಳುಗಟ್ಟಲೆ ಅಲ್ಲೇ ಕೂತು, ತೇವ ಹಿಡಿದು, ಕೊನೆಗೆ ಮಣ್ಣಾಗಬೇಕು. ಇದು ಹೊದಿಸುವುದು. ಕಾಂಡಕ್ಕೆ ತಾಗದಂತೆ ಸುತ್ತ ಒಂದು ಹಿಡಿಯಷ್ಟು ಜಾಗ ಬಿಡಬೇಕು, ಇಲ್ಲವಾದರೆ ಒಣ ಹುಲ್ಲಿಗೆ ಬಂದ ಗೆದ್ದಲು ಗಿಡಕ್ಕೂ ಏರುತ್ತದೆ.

ಮಳೆಗಾಲದಲ್ಲಿ ಅದೇ ದಪ್ಪ ಪದರ ಇಟ್ಟುಕೊಂಡರೆ ಕೆಟ್ಟಿರಿ. ಅಡಿಯಲ್ಲಿ ಬಸವನಹುಳುಗಳು ಸಂಸಾರ ಹೂಡುತ್ತವೆ, ಮೆಣಸಿನ ಸಸಿಯ ಬುಡ ಕೊಳೆಯುತ್ತದೆ. ಆಗ ಪದರವನ್ನು ಎಳೆದು ತೆಳುವಾಗಿ ಹರಡಬೇಕು. ಉದ್ದೇಶವೂ ಬೇರೆ: ಹನಿ ಬಿದ್ದು ಕೆಸರು ಸಿಡಿದರೆ ಮಣ್ಣಿನಲ್ಲಿರುವ ಶಿಲೀಂಧ್ರ ಟೊಮೆಟೊ ಗಿಡದ ಕೆಳಗಿನ ಎಲೆಗಳಿಗೆ ಹತ್ತುತ್ತದೆ, ಅದನ್ನು ತಡೆಯಲು ತೆಳು ಪದರ ಸಾಕು. ಇದು ಹರಡುವುದು.

ಚಳಿಗಾಲದಲ್ಲಿ ಮೂಲಂಗಿ, ಕ್ಯಾರೆಟ್ ಬೀಜವನ್ನು ನೇರವಾಗಿ ಮಡಿಗೆ ಬಿತ್ತುತ್ತೇವೆ. ಮೇಲೆ ಹುಲ್ಲು ಹಾಕುತ್ತೇವೆ, ಮೊಳಕೆ ಕಂಡೊಡನೆ ತೆಗೆಯುತ್ತೇವೆ. ತೆಗೆಯಲೆಂದೇ ಹಾಕಿದ್ದು. ಇದು ಮುಚ್ಚುವುದು. ಮುಚ್ಚಿದ್ದಕ್ಕೆ ತೆರೆಯುವುದು ಜೋಡಿ ಮಾತು, ಹೊದಿಸಿದ್ದಕ್ಕೆ ಅಲ್ಲ. ಮಕ್ಕಳು ಈ ವ್ಯತ್ಯಾಸವನ್ನು ಹಾಲು ಕುಡಿಯುವಾಗಲೇ ಕಲಿತಿರುತ್ತಾರೆ. ಮೂರು ಅಂಕಣಕ್ಕೂ ಒಂದೇ ‘ಮುಚ್ಚಿಗೆ’ಯನ್ನೋ ‘ಆಚ್ಛಾದನ’ವನ್ನೋ ಬರೆಸಿದರೆ ಮಳೆಗಾಲದಲ್ಲಿ ಬೇಸಿಗೆಯ ಕೆಲಸ ಮಾಡಿ ಗಿಡ ಕೊಲ್ಲುತ್ತಾರೆ.

ತುಮಕೂರಿನವರಿಗೆ: ಕಾಡಿಗೆ ಬನ್ನಿ. ಅಲ್ಲಿ ನೆಲ ತಾನಾಗಿಯೇ ಹೊದೆಯುತ್ತದೆ.

ಇನ್ನೊಂದು. ನಿಮ್ಮ ಇಂಗ್ಲಿಷ್ ಪಠ್ಯದ ‘ಮಳೆಗಾಲ’ ಯಾವ ಊರಿನದು? ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದೂ ಎರಡು ಕಂತಿನಲ್ಲಿ: ಮೇ ತಿಂಗಳಲ್ಲಿ ಒಮ್ಮೆ ಜೋರು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ. ಜೂನ್, ಜುಲೈ ಬರೀ ಜಿನುಗು. ಅಂಕಣದ ತಲೆಗೆ ಮುಂಗಾರು, ಹಿಂಗಾರು ಎಂದು ಬರೆಸಿ. ಸಾಧ್ಯವಾದರೆ ಮಳೆ ನಕ್ಷತ್ರಗಳನ್ನೂ ಹಾಕಿಸಿ. ಏಪ್ರಿಲ್ ಕೊನೆಗೆ ಭರಣಿ, ಜೂನ್ 21ರ ಸುಮಾರಿಗೆ ಆರಿದ್ರೆ, ಸೆಪ್ಟೆಂಬರ್ ಕೊನೆಗೆ ಹಸ್ತ. ಭರಣಿ ಮಳೆ ಧರಣಿ ಬೆಳೆ ಎಂಬ ಗಾದೆಯನ್ನು ಮಕ್ಕಳು ಗೋಡೆ ನೋಡಿಯಾದರೂ ಕಲಿಯಲಿ.

— ಶಿರಸಿ

* * *

ಬಹಳ ಉಪಕಾರವಾಯಿತು. ಹೀಗೆ ಬರೆಸುತ್ತೇನೆ:

ಬೇಸಿಗೆ: ಗಿಡದ ಸುತ್ತ ತರಗೆಲೆ ಹೊದಿಸಿ. ಕಾಂಡಕ್ಕೆ ತಾಗಬಾರದು.
ಮುಂಗಾರು, ಹಿಂಗಾರು: ಹೊದಿಸಿದ್ದನ್ನು ಎಳೆದು ತೆಳುವಾಗಿ ಹರಡಿ.
ಚಳಿಗಾಲ: ಬಿತ್ತಿದ ಮಡಿಗೆ ಹುಲ್ಲು ಮುಚ್ಚಿ. ಮೊಳಕೆ ಕಂಡ ದಿನ ತೆಗೆಯಿರಿ.

ಶೀರ್ಷಿಕೆ ‘ನಮ್ಮ ಸಾವಯವ ಕೈತೋಟ’. ಅದಕ್ಕೆ ಯಾರ ಆಕ್ಷೇಪವೂ ಇರಲಾರದು ಎಂದುಕೊಂಡಿದ್ದೇನೆ.

— ಮೈಸೂರು

* * *

ಇದೆ. ಸಾವಯವ ಸಂಸ್ಕೃತ, ತೋಟ ಕನ್ನಡ. ಎರಡು ಭಾಷೆಯ ಪದ ಬೆಸೆದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಬೇಡ ಎಂದು ಹೇಳಿ ಏಳುನೂರು ವರ್ಷಗಳ ಮೇಲಾಯಿತು.

— ತುಮಕೂರು

* * *

ನಡುವೆ ಜಾಗ ಬಿಟ್ಟು ಬರೆದ ವಿಶೇಷಣಕ್ಕೆ ಎಲ್ಲಿಯ ಸಮಾಸ? ಸುಮ್ಮನೆ ಕೇಶಿರಾಜನನ್ನು ಎಬ್ಬಿಸಬೇಡಿ.

ನನ್ನ ತಕರಾರು ಬೇರೆ. ನಾನು ರಸಾಯನಶಾಸ್ತ್ರ ಪಾಠ ಮಾಡಿದವನು. ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಯೂರಿಯಾ ಸಾವಯವ ಸಂಯುಕ್ತ. 1828ರಲ್ಲಿ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು ಅದನ್ನೇ. ಡಿಡಿಟಿಯೂ ಸಾವಯವವೇ. ಫಲಕದ ತಲೆಬರಹ ‘ಸಾವಯವ’, ತೋಟದಲ್ಲಿ ಮಾತ್ರ ‘ಯೂರಿಯಾ ಬೇಡ’. ಎಂಟನೆಯ ತರಗತಿಯ ಜಾಣನೊಬ್ಬ ಎದ್ದು ನಿಂತು ಕೇಳಿದರೆ ಏನು ಹೇಳುತ್ತೀರಿ?

— ಮಂಗಳೂರು

* * *

ನ್ಯಾಯದರ್ಶನದ ಪಂಡಿತರಾದ ನೈಯಾಯಿಕರಿಗಂತೂ ಮಡಕೆಯೂ ಸಾವಯವ. ಭಾಗಗಳಿಂದ ಕೂಡಿದ್ದು ಎಂದಷ್ಟೇ ಅದರ ಅರ್ಥ. ಜಗತ್ತು ಸಾವಯವ, ಆದ್ದರಿಂದ ಕಾರ್ಯ, ಆದ್ದರಿಂದ ಅದಕ್ಕೊಬ್ಬ ಕರ್ತೃ ಇರಬೇಕು ಎಂದು ವಾದ ಹೂಡುತ್ತಿದ್ದರು. ಗೊಬ್ಬರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಜೈವಿಕ’ ಎನ್ನಿ. 2017ರಲ್ಲಿ ದೇಶದ ಸಾವಯವ ಆಹಾರದ ಪೊಟ್ಟಣಗಳಿಗೆ ತಂದದ್ದು ‘ಜೈವಿಕ್ ಭಾರತ್’ ಮುದ್ರೆಯನ್ನೇ.

— ಧಾರವಾಡ

* * *

ಆ ಮುದ್ರೆ ಹಿಂದಿಯದು. ಕನ್ನಡದಲ್ಲಿ ಜೈವಿಕ ಅಸ್ತ್ರ ಎಂದರೆ ರೋಗಾಣು ಹರಡುವ ಬಾಂಬು. ಶಾಲೆಯ ಗೋಡೆಯ ಮೇಲೆ ‘ಜೈವಿಕ ತೋಟ’ವೇ? ‘ತಿಪ್ಪೆಗೊಬ್ಬರದ ತೋಟ’ ಎಂದು ಬರೆಸಿ. ತೋಟ ಎಂಬುದು ತೋಡು ಧಾತುವಿನಿಂದ ಹುಟ್ಟಿದ ಅಚ್ಚಗನ್ನಡ, ಅದರ ಪಕ್ಕದಲ್ಲಿ ತಿಪ್ಪೆ ಚೆನ್ನಾಗಿಯೇ ಒಪ್ಪುತ್ತದೆ. ತರಕಾರಿಯ ವಿಷಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

— ಬೆಂಗಳೂರು

* * *

ತೋಡಿದ್ದರಿಂದ ತೋಟ ಎನ್ನುವುದಾದರೆ ಅಗೆಯದೆ, ಉಳದೆ ಎಲೆ ಹೊದಿಸಿ ಬೆಳೆಯುವವರ ಜಾಗಕ್ಕೆ ಬೇರೆ ಹೆಸರು ಹುಡುಕಿ.

ತರಕಾರಿಗೆ ಉತ್ತರ: ಉತ್ತರ ಕರ್ನಾಟಕದಲ್ಲಿ ಕಾಯಿಪಲ್ಲೆ ಇದೆ, ಹವ್ಯಕರ ಮನೆಗಳಲ್ಲಿ ನೆಟ್ಟು ಬೆಳೆದದ್ದು ನೆಟ್ಟಿಕಾಯಿ. ಎರಡೂ ಚೆಂದದ ಮಾತು. ಆದರೆ ಮೈಸೂರಿನ ಮಗು ಮನೆಯಲ್ಲಿ ಕೇಳುವುದು ತರಕಾರಿಯನ್ನು. ಹಿಂದೂಸ್ತಾನಿ ಎಂದು ಅದನ್ನು ಓಡಿಸಿದರೆ ಆಲೂಗಡ್ಡೆಯಲ್ಲಿ ಗಡ್ಡೆ ಮಾತ್ರ ಉಳಿಯುತ್ತದೆ. ಹೊರಗಿನಿಂದ ಬಂದ ಬದನೆಯಂಥದ್ದನ್ನು ಸೀಮೆಬದನೆ ಎಂದವರು ನಮ್ಮವರೇ, ಆ ‘ಸೀಮೆ’ ಸಂಸ್ಕೃತ. ಮೆಣಸಿನಕಾಯಿ ಸಮುದ್ರ ದಾಟಿ ಬಂದದ್ದು, ಹೆಸರು ಮಾತ್ರ ನಮ್ಮ ಕಾಳುಮೆಣಸಿನಿಂದ ಪಡೆದದ್ದು. ಕೆಲವನ್ನು ಹೆಸರಿನ ಸಮೇತ ತಂದುಕೊಂಡರು, ಕೆಲವಕ್ಕೆ ಇಲ್ಲಿಯ ಹೆಸರು ಕೊಟ್ಟರು. ಯಾರೂ ಪದಸಮಿತಿಯ ಅಪ್ಪಣೆ ಕೇಳಲಿಲ್ಲ.

ಸಾವಯವಕ್ಕೆ ಬಂದರೆ, ಮಂಗಳೂರಿನವರ ತಕರಾರು ಇಂಗ್ಲಿಷಿಗೂ ಅಷ್ಟೇ ತಾಗುತ್ತದೆ. ಅಲ್ಲಿಯೂ ರಸಾಯನಶಾಸ್ತ್ರದ ‘ಆರ್ಗ್ಯಾನಿಕ್’ ಬೇರೆ, ಬೇಸಾಯದ್ದು ಬೇರೆ. ಬೇಸಾಯಕ್ಕೆ ಆ ಮಾತನ್ನು ತಂದವರು ಲಾರ್ಡ್ ನಾರ್ತ್‌ಬೋರ್ನ್, 1940ರಲ್ಲಿ. ಹೊಲ, ದನ, ಮಣ್ಣು, ಮನುಷ್ಯ ಸೇರಿ ಒಂದೇ ಮೈ ಎಂಬ ಅರ್ಥದಲ್ಲಿ. ಆ ಅರ್ಥಕ್ಕೆ ಅವಯವ ಸರಿಯಾಗಿಯೇ ಕೂರುತ್ತದೆ. ಗೊಬ್ಬರದ ರಾಸಾಯನಿಕ ಸೂತ್ರದ ಮಾತು ಅಲ್ಲಿ ಇರಲೇ ಇಲ್ಲ. ನಮ್ಮ ರಾಜ್ಯ 2004ರಲ್ಲಿಯೇ ಸಾವಯವ ಕೃಷಿ ನೀತಿ ತಂದಿದೆ, ಸಂತೆಯವರೆಗೂ ಪದ ಇಳಿದಿದೆ. ಎಂಟನೆಯ ತರಗತಿಯ ಜಾಣನಿಗೆ ಇದನ್ನೇ ಹೇಳಿ, ಆತ ಒಪ್ಪುತ್ತಾನೆ. ಮೇಷ್ಟ್ರುಗಳು ಒಪ್ಪುವುದು ಕಷ್ಟ.

— ಶಿರಸಿ

* * *

ಮೇಷ್ಟ್ರು ಒಪ್ಪಲಿಲ್ಲ. ಒಂದು ಪದಕ್ಕೆ ಎರಡು ವಿರುದ್ಧ ಅರ್ಥ ಇಂಗ್ಲಿಷಿನಲ್ಲಿದೆ ಎಂದರೆ ಅದು ಅವರ ಅವಸ್ಥೆ, ನಾವೂ ಅದೇ ಗುಂಡಿಗೆ ಬೀಳಬೇಕಾಗಿರಲಿಲ್ಲ. ರಸಾಯನಶಾಸ್ತ್ರಕ್ಕೆ ‘ಇಂಗಾಲ ಸಂಯುಕ್ತ’ ಎಂಬುದನ್ನೇ ಗಟ್ಟಿಮಾಡಿಕೊಂಡಿದ್ದರೆ ಸಾವಯವವನ್ನು ರೈತರಿಗೆ ಪೂರ್ತಿ ಬಿಟ್ಟುಕೊಡಬಹುದಿತ್ತು.

— ಮಂಗಳೂರು

* * *

ಅದನ್ನು ಒಪ್ಪಿದೆ.

— ಶಿರಸಿ

* * *

ಶೀರ್ಷಿಕೆ ‘ಸಾವಯವ’ವೇ ಇರುತ್ತದೆ, ತರಕಾರಿಯೂ ಇರುತ್ತದೆ. ಪೇಂಟರಿಗೆ ಮಾತು ಕೊಟ್ಟಾಗಿದೆ.

ಕೊನೆಯ ಸಂದೇಹ. ಸೊಗಡಿನ ಅವರೆಯನ್ನು ಬಿತ್ತುವುದು ಮುಂಗಾರಿನಲ್ಲಿ, ಕೀಳುವುದು ಚಳಿಗಾಲದಲ್ಲಿ. ಇಂಗ್ಲಿಷ್ ಪಠ್ಯ ಅದನ್ನು ಚಳಿಗಾಲದ ಬೆಳೆ ಎಂದು ಕೂರಿಸಿದೆ. ನಾನು ಯಾವ ಅಂಕಣದಲ್ಲಿ ಬರೆಸಲಿ?

— ಮೈಸೂರು

* * *

ಬಿತ್ತುವ ಅಂಕಣದಲ್ಲಿ, ರಾಗಿಯ ಜೊತೆ ಅಕ್ಕಡಿಗೆ, ಅಂದರೆ ನಡುನಡುವಿನ ಸಾಲುಗಳಿಗೆ, ಹಾಕುವ ಹೊತ್ತಿಗೆ. ಹಗಲು ಗಿಡ್ಡವಾದ ಮೇಲೆ ಹೂ ಬಿಡುವ ಜಾತಿ ಅದು. ಚಳಿಗಾಲ ಎಂದು ಬರೆಸಿದರೆ ಡಿಸೆಂಬರಿನಲ್ಲಿ ಬಿತ್ತುತ್ತಾರೆ, ಬಳ್ಳಿ ಮೈ ತುಂಬಿಕೊಳ್ಳುವ ಮೊದಲೇ ಹೂ ಬಂದು ನಾಲ್ಕು ಕಾಯಿಗೆ ಮುಗಿದುಹೋಗುತ್ತದೆ. ಚಳಿಗಾಲದ ಕೆಳಗೆ ‘ಅವರೆ ಕೀಳಿ’ ಎಂದು ಬೇರೆಯಾಗಿ ಒಂದು ಸಾಲು ಹಾಕಿಸಿ.

— ತುಮಕೂರು