ಸಹಾಯ ಬೇಕು: ಹಳೆ ಹಾಯಿದೋಣಿಯ ತಳದಲ್ಲಿ ಗುಳ್ಳೆಗಳು

ಎಲ್ಲರಿಗೂ ನಮಸ್ಕಾರ. ನನ್ನದು 22 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ. ಸೀಸನ್ ಶುರುವಾಗಲು ಇನ್ನು ಎಂಟು ವಾರ ಇದೆ. ಕೆಲಸಕ್ಕೆ ನನಗೆ ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ.

ತಳದ ಹಳೆ ಪೇಂಟ್ ಕೆರೆದಾಗ ಅಂಗಿ ಗುಂಡಿಯಷ್ಟು ದೊಡ್ಡ ಗುಳ್ಳೆಗಳು ಕಂಡವು. ಎಣಿಸಿದೆ, ಇಪ್ಪತ್ಮೂರು. ಒಂದನ್ನು ಚುಚ್ಚಿದೆ. ವಿನೆಗರ್ ತರಹ ಹುಳಿ ವಾಸನೆಯ ನೀರು ಬಂತು. ನೋಡಿ ತುಂಬಾ ಬೇಜಾರಾಯಿತು. ಜೆಲ್‌ಕೋಟ್ ಅಂದರೆ ಹೊರಗಿನ ನುಣುಪು ರಾಳದ ಪದರ ದಾಟಿ ನೀರು ಒಳಗೆ ಇಳಿದರೆ ಹೀಗಾಗುತ್ತದೆ ಅಂತ ಗೊತ್ತು. ಪ್ರತಿ ಗುಳ್ಳೆಯನ್ನೂ ಗಟ್ಟಿ ಪದರ ಸಿಗುವವರೆಗೆ ಕೆರೆದು, ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಪಾಕ್ಸಿ (ಗಟ್ಟಿಯಾಗುವ ರಾಳ) ತುಂಬಬೇಕು ಅಂದುಕೊಂಡಿದ್ದೇನೆ. ಒದ್ದೆ ಇರುವಾಗಲೇ ಮುಚ್ಚಿದರೆ ಗುಳ್ಳೆ ಮತ್ತೆ ಏಳುತ್ತದೆ, ಅಲ್ವಾ? ಹಾಗಾದರೆ ಸಾಕಷ್ಟು ಒಣಗಿದೆ ಅಂತ ತಿಳಿಯುವುದು ಹೇಗೆ? ತೇವ ಅಳೆಯುವ ಮೀಟರ್ ನನ್ನ ಬಳಿ ಇಲ್ಲ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, ಒಳಗೆ ಬೆವರುತ್ತದಾ ನೋಡುವುದನ್ನು ನಂಬಬಹುದಾ? ಇಡೀ ಜೆಲ್‌ಕೋಟ್ ತೆಗೆಯಲು ಹೋದರೆ ಈ ಸೀಸನ್ ಕೈತಪ್ಪುತ್ತದೆ.

ಹಾಯಿಗಳು ಚೆನ್ನಾಗಿವೆ. ಆದರೆ ಕಂಬವನ್ನು ಪಕ್ಕದಿಂದ ಹಿಡಿದಿರುವ ಒಂದು ಸ್ಟೀಲ್ ತಂತಿಯಲ್ಲಿ, ಕೆಳಗಿನ ಫಿಟ್ಟಿಂಗ್ ಹತ್ತಿರ, ಒಂದು ಎಳೆ ತುಂಡಾಗಿದೆ. ಅದನ್ನಂತೂ ಬದಲಿಸುತ್ತೇನೆ. ಉಳಿದ ತಂತಿಗಳೂ ಅಷ್ಟೇ ಹಳೆಯವು. ಎಲ್ಲವನ್ನೂ ಈಗಲೇ ಬದಲಿಸಬೇಕಾ?

ಇಂಥ ಗುಳ್ಳೆಗಳನ್ನು ನೀವೇ ಸರಿಮಾಡಿದ್ದರೆ, ಎಷ್ಟು ದಿನ ಒಣಗಿಸಿದಿರಿ ಅಂತ ದಯವಿಟ್ಟು ಹೇಳಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.