ಕಾಳುಮೆಣಸಿನ ಬುಡಕ್ಕೆ ಮೈಕೊರೈಜಾ ಹಾಕಬೇಕೇ?

ಪ್ರಶ್ನೆ (ಕಾರ್ಕಳ): ನಮಸ್ಕಾರ ಸರ್. ನಮ್ಮ ಹಳೆಯ ಅಡಿಕೆ ತೋಟದಲ್ಲಿ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳು ಪ್ರತಿ ಮಳೆಗಾಲದಲ್ಲಿಯೂ ಸೊರಗುರೋಗ ಬಂದು ಸಾಯುತ್ತಿವೆ. ಮೈಕೊರೈಜಾ ಪುಡಿಯನ್ನು ಟ್ರೈಕೋಡರ್ಮಾದೊಂದಿಗೆ ಬೆರೆಸಿ ಎಲ್ಲ ಬುಡಗಳಿಗೂ ಹಾಕಿದರೆ ಉಳಿದ ಬಳ್ಳಿಗಳನ್ನು ಕಾಪಾಡಬಹುದೇ?

ಉತ್ತರ: ನಮಸ್ಕಾರ. ಇವೆರಡೂ ಉಪಕಾರಿ ಶಿಲೀಂಧ್ರಗಳೇ, ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಇಡುತ್ತಾರಾದರೂ ಇವುಗಳ ಬದುಕಿನ ರೀತಿಯೇ ಬೇರೆ. ಮೈಕೊರೈಜಾ ಜೀವಂತ ಬೇರಿನ ಒಳಗೆ ನೆಲೆಸಿ, ಗಿಡ ತಯಾರಿಸಿದ ಸಕ್ಕರೆ ಮತ್ತು ಕೊಬ್ಬಿನಂಶವನ್ನು ಪಡೆದು, ಪ್ರತಿಯಾಗಿ ತನ್ನ ಎಳೆಗಳನ್ನು ಬೇರು ಮುಟ್ಟಲಾರದ ಕಡೆಗೆ ಚಾಚಿ ರಂಜಕ, ಸತು ಮುಂತಾದ ಪೋಷಕಾಂಶಗಳನ್ನು ತಂದುಕೊಡುತ್ತದೆ. ನಮ್ಮ ಕರಾವಳಿಯ ಹುಳಿಯಾದ ಮುರಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಅಂತರದಲ್ಲಿದ್ದ ರಂಜಕ ಖಾಲಿಯಾದರೆ ಆ ಜಾಗ ಮತ್ತೆ ತುಂಬುವುದು ಬಹಳ ನಿಧಾನ. ಹೀಗಾಗಿ ಈ ಎಳೆಗಳ ಕೆಲಸಕ್ಕೆ ಇಲ್ಲಿ ವಿಶೇಷ ಬೆಲೆಯಿದೆ.

ಆದರೆ ನಿಮ್ಮ ತೋಟದಲ್ಲಿ ಅದು ಈಗಾಗಲೇ ಇರುತ್ತದೆ, ಏಕೆಂದರೆ ಅಡಿಕೆ ಮತ್ತು ಮೆಣಸು ಎರಡರ ಬೇರಿನಲ್ಲಿಯೂ ಅದು ಸಹಜವಾಗಿ ಬೆಳೆಯುತ್ತದೆ. ಮೇಲಿನಿಂದ ಎರಚಿದ ಪುಡಿಯ ಬೀಜಕಣಗಳು ಎಳೆಬೇರನ್ನು ಮುಟ್ಟದಿದ್ದರೆ ವ್ಯರ್ಥವಾಗುತ್ತವೆ. ಕೊಳ್ಳುವುದೇ ಆದರೆ ಅದನ್ನು ನರ್ಸರಿಗೆ ಬಳಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ: ಮೆಣಸಿನ ಬಳ್ಳಿಯ ತುಂಡನ್ನು ಚೀಲದಲ್ಲಿ ನೆಡುವಾಗ, ಬೇರು ಮೂಡುವ ಗೆಣ್ಣಿನ ಪಕ್ಕದಲ್ಲಿಯೇ ಹಾಕಿ.

ಟ್ರೈಕೋಡರ್ಮಾ ಸಾವಯವ ವಸ್ತುವಿನ ಮೇಲೆ ಬೆಳೆದು, ರೋಗಕಾರಕಗಳ ಮೇಲೆಯೂ ದಾಳಿ ಮಾಡುತ್ತದೆ. ಆದ್ದರಿಂದ ಅದನ್ನು ಒಣ ಪುಡಿಯಾಗಿ ಹಾಕದೆ, 90 ಕಿಲೋ ಕಳಿತ ಹಟ್ಟಿಗೊಬ್ಬರ ಮತ್ತು 10 ಕಿಲೋ ಬೇವಿನ ಹಿಂಡಿಗೆ 1 ಕಿಲೋ ಬೆರೆಸಿ, ತೇವ ಆರದಂತೆ ನೆರಳಿನಲ್ಲಿ ಸುಮಾರು 15 ದಿನ ಇಟ್ಟು, ಅದು ಗೊಬ್ಬರದಲ್ಲಿ ಹಬ್ಬಿದ ಮೇಲೆ ಬುಡಕ್ಕೆ ಕೊಡಬೇಕು. ಅದೇ ಸಮಯಕ್ಕೆ ಬುಡಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸುರಿಯಬೇಡಿ. ಅದರಲ್ಲಿರುವ ತಾಮ್ರದಿಂದ ಟ್ರೈಕೋಡರ್ಮಾದ ಬೆಳವಣಿಗೆ ಕುಂಠಿತವಾಗುತ್ತದೆ.

ಇಷ್ಟಾದರೂ ಬುಡದಲ್ಲಿ ನೀರು ನಿಂತರೆ ಇವುಗಳಿಂದ ಹೆಚ್ಚಿನ ಪ್ರಯೋಜನವಾಗದು. ಸೊರಗುರೋಗ ತರುವ ಫೈಟೊಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಪಾಚಿಗಳ ಕೆಲವು ಗುಂಪುಗಳಿಗೆ ಹತ್ತಿರದ ಜೀವಿ. ಅದರ ಚರಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರನ್ನು ತಲುಪುತ್ತವೆ. ಮಳೆ ಹಿಡಿಯುವ ಮೊದಲೇ ನೀರು ಹರಿದುಹೋಗುವ ಕಣಿಗಳನ್ನು ಬಿಡಿಸಿ. ಸತ್ತ ಬಳ್ಳಿಗಳನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ.

ಪ್ರಶ್ನೆ (ಮಂಗಳೂರು): ತಾರಸಿಯಲ್ಲಿ ತೆಂಗಿನ ನಾರಿನ ಹುಡಿ ತುಂಬಿದ ಕುಂಡಗಳಲ್ಲಿ ಮಲ್ಲಿಗೆ ಮತ್ತು ಮೂಲಂಗಿ ಬೆಳೆಸುತ್ತಿದ್ದೇನೆ. ಅವುಗಳಿಗೂ ಮೈಕೊರೈಜಾ ಬೇಡವೇ?

ಉತ್ತರ: ಮಲ್ಲಿಗೆಗೆ ಹಾಕಿ. ನಾರಿನ ಹುಡಿಯಲ್ಲಿ ಈ ಶಿಲೀಂಧ್ರ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಗಿಡ ನೆಡುವಾಗ ಬೇರಿಗೆ ತಾಗುವಂತೆ ಕೊಟ್ಟರೆ ಪ್ರಯೋಜನವಿದೆ. ಸೂಪರ್ ಫಾಸ್ಫೇಟನ್ನು ಮಾತ್ರ ಮಿತವಾಗಿ ಬಳಸಿ. ರಂಜಕ ಧಾರಾಳವಾಗಿ ಸಿಕ್ಕಿದರೆ ಗಿಡವೇ ಈ ಶಿಲೀಂಧ್ರವನ್ನು ಬೇರಿನೊಳಗೆ ಹೆಚ್ಚು ಬೆಳೆಯಗೊಡುವುದಿಲ್ಲ. ಮೂಲಂಗಿಗೆ ಹಾಕುವ ಅಗತ್ಯವಿಲ್ಲ. ಸಾಸಿವೆ, ಎಲೆಕೋಸುಗಳ ಈ ಕುಟುಂಬದ ಬೇರಿನಲ್ಲಿ ಮೈಕೊರೈಜಾ ನೆಲೆಸುವುದಿಲ್ಲ.