ವಿಂಡೋ ಪಿರಿಯಡ್‌ಗೆ ಕನ್ನಡದಲ್ಲಿ ಏನೆನ್ನಬೇಕು: ಗವಾಕ್ಷಿ ಅವಧಿ, ಸುಪ್ತಾವಧಿ, ಅಡಗುಕಾಲ?

ಪ್ರಶ್ನೆ

ಮಾನ್ಯರೇ,

ಏಡ್ಸ್ ಸಾಂಕ್ರಾಮಿಕದ ಮೊದಲ ಎರಡು ದಶಕಗಳ ಚರಿತ್ರೆಯ ಅನುವಾದವೊಂದು ತಿದ್ದುಪಡಿಗೆ ಬಂದಿದೆ. ಅಧ್ಯಾಯಗಳನ್ನು ಮೂವರು ಹಂಚಿಕೊಂಡು ಅನುವಾದಿಸಿದ್ದಾರೆ. ‘ವಿಂಡೋ ಪಿರಿಯಡ್’ ಬಂದಲ್ಲೆಲ್ಲ ಒಬ್ಬರು ‘ಗವಾಕ್ಷಿ ಅವಧಿ’ ಎಂದಿದ್ದಾರೆ, ಇನ್ನೊಬ್ಬರು ‘ಸುಪ್ತಾವಧಿ’, ಮತ್ತೊಬ್ಬರು ‘ಅಡಗುಕಾಲ’. ಯಾವುದಾದರೂ ಒಂದನ್ನು ಉಳಿಸಿಕೊಂಡು ಪುಸ್ತಕದುದ್ದಕ್ಕೂ ಬದಲಾಯಿಸೋಣವೆಂದರೆ ಅದೂ ಆಗುವಂತಿಲ್ಲ. ‘ಸುಪ್ತಾವಧಿ’ ಎಂದವರು ‘ಇನ್‌ಕ್ಯುಬೇಷನ್’ಗೂ ‘ಲೇಟೆನ್ಸಿ’ಗೂ ಅದನ್ನೇ ಬಳಸಿಬಿಟ್ಟಿದ್ದಾರೆ. ಹಾಗಾಗಿ ಒಂದು ಪುಟದಲ್ಲಿ ಸುಪ್ತಾವಧಿ ಮೂರು ತಿಂಗಳು, ಮುಂದಿನ ಪುಟದಲ್ಲಿ ಹತ್ತು ವರ್ಷ.

ಲೆಕ್ಕವೂ ಒಂದೊಂದು ಕಡೆ ಒಂದೊಂದು ಥರ ಇದೆ: ಆರು ತಿಂಗಳು, ಮೂರು ತಿಂಗಳು, ಆರು ವಾರ. ಇದರಲ್ಲಿ ಯಾವುದನ್ನು ತಿದ್ದಬೇಕು? ಕೊನೆಗೆ ಈ ವಾಕ್ಯವನ್ನೂ ಒಮ್ಮೆ ನೋಡಿ: “ಸುಪ್ತಾವಧಿಯಲ್ಲಿರುವ ವ್ಯಕ್ತಿಯ ರಕ್ತಪರೀಕ್ಷೆ ನೆಗೆಟಿವ್ ಬರುವುದರಿಂದ ಅವರಿಂದ ಸೋಂಕು ಹರಡುವುದಿಲ್ಲ.” ಇದು ಮೂಲದಲ್ಲಿ ಇದ್ದ ಹಾಗೆ ಕಾಣುವುದಿಲ್ಲ.

ಉತ್ತರ

ಕೊನೆಯ ವಾಕ್ಯವನ್ನು ಮೊದಲು ಹೊಡೆದುಹಾಕಿ, ಪದದ ಮಾತು ಆಮೇಲೆ. ವಿಷಯ ಅದಕ್ಕೆ ನೇರ ವಿರುದ್ಧ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ದೇಹ ಇನ್ನೂ ಪ್ರತಿರೋಧ ಕಟ್ಟಿಕೊಂಡಿರುವುದಿಲ್ಲ, ವೈರಸ್ಸು ಲಂಗುಲಗಾಮಿಲ್ಲದೆ ಬೆಳೆಯುತ್ತಿರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಿರುವುದು, ಇನ್ನೊಬ್ಬರಿಗೆ ದಾಟುವ ಸಂಭವ ಅತಿ ಹೆಚ್ಚಿರುವುದು ಆಗಲೇ. ‘ಸುಪ್ತ’ ಎಂದು ಒಮ್ಮೆ ಬರೆದವರ ಕೈ ‘ಹರಡುವುದಿಲ್ಲ’ ಎಂದು ತಾನಾಗಿ ಮುಂದುವರಿಯುತ್ತದೆ. ಅನುವಾದಕರು ಎಡವಿದ್ದು ಆ ಪದದಿಂದಲೇ ಇರಬೇಕು.

ಈಗ ಮೂರು ಅವಧಿಗಳನ್ನು ಬಿಡಿಸಿಕೊಳ್ಳೋಣ. ಪ್ರತಿಯೊಂದಕ್ಕೂ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿಕೊಂಡರೆ ಗೊಂದಲ ಉಳಿಯುವುದಿಲ್ಲ. ವಿಂಡೋ ಪಿರಿಯಡ್ ಎಂದರೆ ಸೋಂಕು ತಗುಲಿದ ದಿನದಿಂದ ಪರೀಕ್ಷೆಯಲ್ಲಿ ಅದು ಪತ್ತೆಯಾಗುವ ದಿನದವರೆಗೆ, ಅಂದರೆ ವಾರಗಳ ಲೆಕ್ಕ. ಇನ್‌ಕ್ಯುಬೇಷನ್ ಎಂದರೆ ಸೋಂಕು ತಗುಲಿದ ದಿನದಿಂದ ಏಡ್ಸ್ ಕಾಯಿಲೆ ತಲೆದೋರುವವರೆಗೆ. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ಹತ್ತು ವರ್ಷ, ಕೆಲವರಲ್ಲಿ ಬೇಗ, ಕೆಲವರಲ್ಲಿ ತಡ. ಲೇಟೆನ್ಸಿ ಇವೆರಡರ ನಡುವಿನದು. ಮೊದಲ ವಾರಗಳ ಜ್ವರ, ಗಂಟಲುನೋವು, ಮೈಮೇಲಿನ ಗಂಧೆಗಳು ಇಳಿದ ಮೇಲೆ ವರ್ಷಗಟ್ಟಲೆ ಏನೂ ತೊಂದರೆ ಕಾಣದ ಹಂತ ಅದು. ನಿಮ್ಮ ಪುಸ್ತಕದ ‘ಹತ್ತು ವರ್ಷ’ ಎರಡನೆಯದು, ‘ಮೂರು ತಿಂಗಳು’ ಮೊದಲನೆಯದು.

ಲೇಟೆನ್ಸಿಗೂ ‘ಸುಪ್ತ’ ಎನ್ನದಿರುವುದೇ ಲೇಸು. ಆ ವರ್ಷಗಳಲ್ಲಿ ವೈರಸ್ಸು ಮಲಗಿರುತ್ತದೆ ಎಂದು 1990ರ ದಶಕದ ಆರಂಭದವರೆಗೂ ಅನೇಕರು ತಿಳಿದಿದ್ದರು. 1995ರಲ್ಲಿ ಅಮೆರಿಕದ ಸಂಶೋಧಕರಾದ ಡೇವಿಡ್ ಹೋ ಮತ್ತು ಜಾರ್ಜ್ ಶಾ ಅವರ ತಂಡಗಳು ಬೇರೆಬೇರೆಯಾಗಿ ತೋರಿಸಿದ್ದು ಬೇರೆಯೇ. ದಿನವೂ ಕೋಟಿಗಟ್ಟಲೆ ವೈರಸ್ಸು ಹುಟ್ಟಿ ಸಾಯುತ್ತಿರುತ್ತದೆ, ವೈರಸ್ಸು ದಾಳಿಯಿಡುವ ಸಿಡಿ4 ಎಂಬ ರೋಗನಿರೋಧಕ ಕಣಗಳೂ ಅದೇ ರಭಸದಲ್ಲಿ ಸತ್ತು ಹುಟ್ಟುತ್ತಿರುತ್ತವೆ. ಹೊರಗೆ ಮಾತ್ರ ಎಲ್ಲ ತಣ್ಣಗೆ. ಒಂದೇ ಔಷಧ ಕೊಟ್ಟರೆ ವೈರಸ್ಸು ಏಕೆ ಬೇಗ ಒಗ್ಗಿಕೊಳ್ಳುತ್ತದೆ, ಮೂರು ಔಷಧ ಒಟ್ಟಿಗೆ ಏಕೆ ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. 1996ರ ಸಂಯೋಜಿತ ಚಿಕಿತ್ಸೆಯ ಅಧ್ಯಾಯ ನಿಮ್ಮಲ್ಲಿ ಇದ್ದೇ ಇರುತ್ತದೆ. ಹಿಂದಿನ ಅಧ್ಯಾಯದಲ್ಲಿ ‘ಸುಪ್ತಾವಸ್ಥೆ’ ಎಂದು ಓದಿಕೊಂಡು ಬಂದವರಿಗೆ ಆ ಅಧ್ಯಾಯ ಅರ್ಥವೇ ಆಗದು. ‘ಲಕ್ಷಣರಹಿತ ಹಂತ’ ಎನ್ನಿ. ಇನ್‌ಕ್ಯುಬೇಷನ್‌ಗೆ ‘ರೋಗ ತಲೆದೋರುವ ಅವಧಿ’ ಸಾಕು.

‘ಅಡಗುಕಾಲ’ವನ್ನೂ ಬಿಡಿ. ಅಡಗುವುದು ಎಂಬುದಕ್ಕೆ ಈ ವಿಷಯದಲ್ಲಿ ಬೇರೆ ಕೆಲಸವಿದೆ: ವೈರಸ್ಸಿನ ವಂಶವಾಹಿ ಕೆಲವು ಜೀವಕೋಶಗಳ ಡಿಎನ್ಎಯೊಳಗೆ ಸೇರಿಕೊಂಡು ಮಾತ್ರೆಗೂ ಸಿಗದೆ ಕೂರುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಸೋಂಕು ಮತ್ತೆ ಮೇಲೇಳುವುದು ಅದರಿಂದ. ‘ಅಡಗಿದ ವೈರಸ್’ ಎಂಬುದನ್ನು ಅದಕ್ಕೇ ಮೀಸಲಿಡಿ. ವಿಂಡೋ ಪಿರಿಯಡ್‌ನಲ್ಲಿ ವೈರಸ್ಸು ಅಡಗಿರುವುದಿಲ್ಲ, ನಮ್ಮ ಪರೀಕ್ಷೆಗೆ ಕಾಣುವುದಿಲ್ಲ, ಅಷ್ಟೇ.

ಲೆಕ್ಕದ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ. ವಿಂಡೋ ಅವಧಿ ವ್ಯಕ್ತಿಯದಷ್ಟೇ ಅಲ್ಲ, ಪರೀಕ್ಷೆಯದೂ ಹೌದು. ಸೋಂಕು ತಗುಲಿದ ಮೊದಲ ವಾರ ಹತ್ತು ದಿನ ಯಾವ ಪರೀಕ್ಷೆಗೂ ಏನೂ ಸಿಗದು. ಅನಂತರ ಮೊದಲು ಕಾಣುವುದು ವೈರಸ್ಸಿನ ಆರ್‌ಎನ್ಎ, ಕೆಲವು ದಿನ ಬಿಟ್ಟು ಪಿ24 ಎಂಬ ಪ್ರತಿಜನಕ (ವೈರಸ್ಸಿನದೇ ಒಂದು ಪ್ರೋಟೀನು), ಅದಾದ ಮೇಲೆ ದೇಹವೇ ತಯಾರಿಸಿದ ಪ್ರತಿಕಾಯ. ಯಾವ ಪರೀಕ್ಷೆ ಇವುಗಳಲ್ಲಿ ಯಾವುದನ್ನು ಹುಡುಕುತ್ತದೆ ಎಂಬುದರ ಮೇಲೆ ಅವಧಿ ಉದ್ದವೋ ಗಿಡ್ಡವೋ ಆಗುತ್ತದೆ. ಒಬ್ಬರದೇ ರಕ್ತ, ಅದೇ ದಿನ ತೆಗೆದದ್ದು, ಒಂದು ಕಿಟ್‌ನಲ್ಲಿ ನೆಗೆಟಿವ್, ಇನ್ನೊಂದರಲ್ಲಿ ಪಾಸಿಟಿವ್ ಬರಬಹುದು. ಎರಡೂ ಕಿಟ್ ಸರಿಯಾಗಿಯೇ ಕೆಲಸ ಮಾಡಿವೆ.

ಅಮೆರಿಕದಲ್ಲಿ 1985ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕ ಮೊದಲ ರಕ್ತಪರೀಕ್ಷೆ, ಎಲೈಸಾ, ಪ್ರತಿಕಾಯವನ್ನಷ್ಟೇ ಹುಡುಕುತ್ತಿತ್ತು. ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಒಡೆದು, ಆ ತುಣುಕುಗಳನ್ನು ತಟ್ಟೆಗೆ ಅಂಟಿಸಿದ ಪರೀಕ್ಷೆ ಅದು. ವೈರಸ್ಸಿನ ಜೊತೆಗೆ ಆ ಜೀವಕೋಶದ ಪ್ರೋಟೀನುಗಳೂ ಉಳಿದುಬಿಡುತ್ತಿದ್ದವು. ಹಲವು ಬಾರಿ ಹೆತ್ತವರ, ಹಲವು ಬಾರಿ ರಕ್ತ ಪಡೆದವರ ಮೈಯಲ್ಲಿ ಇಂಥ ಪ್ರೋಟೀನಿಗೆ ಪ್ರತಿಕಾಯ ಇರುವುದುಂಟು, ಹಾಗಾಗಿ ಸೋಂಕಿಲ್ಲದವರದೂ ಪಾಸಿಟಿವ್ ಬಂದುಬಿಡುತ್ತಿತ್ತು. ವೆಸ್ಟರ್ನ್ ಬ್ಲಾಟ್ ಎಂಬ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವ ಪದ್ಧತಿ ಬಂದದ್ದು ಇದಕ್ಕೇ. ಎರಡನೆಯ ಪೀಳಿಗೆಯಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದ ಶುದ್ಧ ಪ್ರೋಟೀನು ಬಂತು. ಮೂರನೆಯದು ಮೊದಲು ಹುಟ್ಟುವ ಐಜಿಎಂ ಪ್ರತಿಕಾಯವನ್ನೂ ಹಿಡಿಯಿತು, ನಾಲ್ಕನೆಯದು ಪಿ24ನ್ನೂ ಸೇರಿಸಿಕೊಂಡಿತು. ಇಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಲೆಕ್ಕ ಹೀಗಿದೆ: ಪ್ರತಿಕಾಯ ಪರೀಕ್ಷೆಗೆ 23ರಿಂದ 90 ದಿನ, ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೆಯ ಪೀಳಿಗೆಯ ಪರೀಕ್ಷೆಗೆ 18ರಿಂದ 45, ಆರ್‌ಎನ್ಎ ಹುಡುಕುವ ನ್ಯಾಟ್‌ಗೆ 10ರಿಂದ 33.

ಆದ್ದರಿಂದ ನಿಮ್ಮ ‘ಆರು ತಿಂಗಳು’ ಅಚ್ಚಿನ ತಪ್ಪಲ್ಲ. 1980ರ ದಶಕದ ಕೊನೆಯಲ್ಲಿ ಎಚ್ಚರಿಕೆಗೆಂದು ಹಾಗೆಯೇ ಹೇಳುತ್ತಿದ್ದರು. ಆ ಅಧ್ಯಾಯದಲ್ಲಿ ಅದನ್ನು ಹಾಗೇ ಬಿಟ್ಟು, ‘ಅಂದಿನ ಪರೀಕ್ಷೆಗಳಲ್ಲಿ’ ಎಂದು ಎರಡು ಪದ ಸೇರಿಸಿ. ಇಲ್ಲದಿದ್ದರೆ ಇಂದಿನ ಓದುಗರು ಅದನ್ನೇ ಇಂದಿನ ಸಲಹೆಯೆಂದು ತಿಳಿದಾರು.

ಇನ್ನು ‘ಗವಾಕ್ಷಿ’. ಆರೋಗ್ಯದ ಕರಪತ್ರಗಳಲ್ಲಿ ‘ಗವಾಕ್ಷಿ ಅವಧಿ’ ಕಂಡಿದ್ದೇನೆ, ಅದನ್ನು ತಪ್ಪೆನ್ನಲಾರೆ. ಆದರೆ ಹಳೆಯ ಮನೆಯ ಗವಾಕ್ಷಿ ಇರುವುದು ಬೆಳಕು ಬರಲೆಂದು. ಇಲ್ಲಿ ಏನೂ ಕಾಣದ ಅವಧಿಗೆ ಆ ಹೆಸರು! ಇಂಗ್ಲಿಷಿನವರಿಗೆ ವಿಂಡೋ ಎಂದರೆ ಎರಡು ಗಡಿಗಳ ನಡುವಿನ ಬಿಡುವೂ ಹೌದು, ನಮ್ಮ ಕಿಟಕಿಗೆ ಆ ಅರ್ಥವಿಲ್ಲ. ಪರೀಕ್ಷಾ ಕೇಂದ್ರಗಳಲ್ಲಿ ಆಪ್ತಸಮಾಲೋಚಕರು ‘ವಿಂಡೋ ಪಿರಿಯಡ್’ ಎಂದೇ ಅನ್ನುತ್ತಾರೆ, ಕೇಳುವವರೂ ಹಾಗೇ ಕಲಿತುಕೊಂಡಿದ್ದಾರೆ. ಮೊದಲ ಸಲ ಬಂದಾಗ ‘ವಿಂಡೋ ಅವಧಿ, ಅಂದರೆ ಸೋಂಕು ತಗುಲಿದ್ದರೂ ಪರೀಕ್ಷೆಗೆ ಸಿಗದ ಅವಧಿ’ ಎಂದು ಬಿಡಿಸಿ ಹೇಳಿ, ಮುಂದೆ ‘ವಿಂಡೋ ಅವಧಿ’ ಎಂದಿಟ್ಟುಕೊಳ್ಳಿ.

ಇನ್ನೊಂದು ಉತ್ತರ

ಮೇಲಿನವರ ಮಾತಿಗೆ ರಕ್ತನಿಧಿಯ ಕಡೆಯಿಂದ ಎರಡು ಸೇರ್ಪಡೆ.

1985ಕ್ಕೆ ಹಿಂದಿನ ಅಧ್ಯಾಯಗಳಲ್ಲಿ ‘ವಿಂಡೋ ಅವಧಿ’ ಬಂದಿದ್ದರೆ ಮೂಲವನ್ನು ತೆಗೆದು ನೋಡಿ. ಪರೀಕ್ಷೆಯೇ ಇಲ್ಲದಾಗ ವಿಂಡೋ ಎಲ್ಲಿಂದ ಬರಬೇಕು? 1982ರ ಜುಲೈನಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ) ಇದ್ದ ಮೂವರಲ್ಲಿ ಈ ಕಾಯಿಲೆ ವರದಿಯಾಯಿತು. ಅದೇ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಕ್ತ ಪಡೆದ ಮಗುವೊಂದಕ್ಕೂ ಅದು ತಗುಲಿದ ಸುದ್ದಿ ಬಂತು. ಅದಕ್ಕೆ ಕೊಟ್ಟ ರಕ್ತದ ದಾನಿಗಳಲ್ಲಿ ಒಬ್ಬರು ಕೊಡುವಾಗ ಆರೋಗ್ಯವಾಗಿದ್ದು, ಆಮೇಲೆ ಏಡ್ಸ್‌ಗೆ ತುತ್ತಾಗಿದ್ದರು. ಅದು ಲಕ್ಷಣರಹಿತ ಹಂತದ ಕಥೆ. ಆಗ ರಕ್ತನಿಧಿಗಳ ಕೈಯಲ್ಲಿದ್ದದ್ದು ಪ್ರಶ್ನೆ ಕೇಳಿ, ಅಪಾಯ ಹೆಚ್ಚಿದ್ದವರನ್ನು ರಕ್ತ ಕೊಡಬೇಡಿ ಎನ್ನುವುದು ಮಾತ್ರ. ಇದೇ ಅಧ್ಯಾಯಗಳಲ್ಲಿ ವೈರಸ್ಸಿನ ಹೆಸರನ್ನೂ ಗಮನಿಸಿ. ‘ಎಚ್ಐವಿ’ ಎಂಬ ಹೆಸರು ಗೊತ್ತಾದದ್ದು 1986ರಲ್ಲಿ. ಅದಕ್ಕೆ ಮುಂಚೆ ಪ್ಯಾರಿಸ್ಸಿನ ವಿಜ್ಞಾನಿಗಳಿಗೆ ಅದು ಎಲ್ಎವಿ, ಅಮೆರಿಕದ ವಿಜ್ಞಾನಿ ರಾಬರ್ಟ್ ಗ್ಯಾಲೋ ಅವರ ತಂಡಕ್ಕೆ ಎಚ್‌ಟಿಎಲ್‌ವಿ-3. 1985ರ ಉಲ್ಲೇಖಗಳೊಳಗೆ ಎಚ್ಐವಿ ಎಂದು ತುರುಕಬೇಡಿ.

1985ರಲ್ಲಿ ಪರೀಕ್ಷೆ ಬಂದೊಡನೆ ಹುಟ್ಟಿದ ಚಿಂತೆಯೊಂದು ವಿಂಡೋ ಅವಧಿಯನ್ನು ಚೆನ್ನಾಗಿ ಅರ್ಥಮಾಡಿಸುತ್ತದೆ. ತಮಗೆ ಸೋಂಕಿದೆಯೇ ಎಂದು ಪುಕ್ಕಟೆ ತಿಳಿದುಕೊಳ್ಳಲೆಂದೇ ಜನ ರಕ್ತದಾನಕ್ಕೆ ಬಂದರೆ? ಅಂಥವರಲ್ಲಿ ಈಚೆಗಷ್ಟೇ ಸೋಂಕು ತಗುಲಿದವರು ಇದ್ದರೆ ಎಲೈಸಾಗೆ ಸಿಗುವುದಿಲ್ಲ, ಆ ರಕ್ತ ರೋಗಿಗೆ ಹೋಗುತ್ತದೆ. ಅದಕ್ಕಾಗಿ ಅಮೆರಿಕದಲ್ಲಿ ರಕ್ತನಿಧಿಗಳ ಹೊರಗೆ ಬೇರೆಯೇ ಪರೀಕ್ಷಾ ಕೇಂದ್ರಗಳನ್ನು ತೆರೆದರು. ನಿಮ್ಮ ಅನುವಾದದಲ್ಲಿ ಇವು ‘ಪರ್ಯಾಯ ಪರೀಕ್ಷಾ ಸ್ಥಳ’ ಎಂದು ಬಂದಿರಬಹುದು. ಯಾವುದಕ್ಕೆ ಪರ್ಯಾಯ ಎಂದು ಹೇಳದಿದ್ದರೆ ತಲೆಬುಡ ತಿಳಿಯದು. ‘ರಕ್ತನಿಧಿಗೆ ಹೋಗದೆಯೇ ಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರ’ ಎಂದರೆ ಉದ್ದವಾದರೂ ಸರಿ.

ಭಾರತದ ಅಧ್ಯಾಯದಲ್ಲಿ ‘ವೃತ್ತಿಪರ ರಕ್ತದಾನಿ’ ಎಂಬ ಪ್ರಯೋಗ ಕಂಡರೆ ಬದಲಾಯಿಸಿ. ಮಾರುವವರು ದಾನಿ ಹೇಗಾದಾರು? ‘ಹಣಕ್ಕೆ ರಕ್ತ ಕೊಡುವವರು’ ಎನ್ನಿ. ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದ ತೀರ್ಪಿನಲ್ಲಿ ಎರಡು ವರ್ಷದೊಳಗೆ ಈ ಪದ್ಧತಿ ನಿಲ್ಲಬೇಕೆಂದಿತು, 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಎಲ್ಲ ಬಾಟಲಿಯನ್ನೂ ಪರೀಕ್ಷಿಸುವಾಗ ದುಡ್ಡು ಕೊಟ್ಟರೇನು, ಬಿಟ್ಟರೇನು ಎಂದು ಓದುಗರು ಕೇಳಬಹುದು. ದುಡ್ಡಿಗಾಗಿ ಬಂದವರಿಗೆ ತಮ್ಮ ಅಪಾಯವನ್ನು ಮುಚ್ಚಿಡಲು ಕಾರಣವಿರುತ್ತದೆ. ಪದೇ ಪದೇ ಕೊಡುವುದರಿಂದ ಒಂದಲ್ಲ ಒಂದು ಬಾಟಲಿ ವಿಂಡೋ ಅವಧಿಯಲ್ಲಿ ಬೀಳುವ ಸಂಭವವೂ ಹೆಚ್ಚು. ಪರೀಕ್ಷೆ ಬಿಟ್ಟ ಸಂದನ್ನು ಮುಚ್ಚುವುದು ದಾನಿಯ ಆಯ್ಕೆಯೇ. ಹಾಗಾಗಿ ‘ಪರೀಕ್ಷಿಸಿದ ರಕ್ತ’ ಎಂದಿದ್ದಲ್ಲಿ ‘ಸಂಪೂರ್ಣ ಸುರಕ್ಷಿತ ರಕ್ತ’ ಎಂದು ಮಾಡಬೇಡಿ, ಎರಡೂ ಒಂದೇ ಅಲ್ಲ. ನ್ಯಾಟ್ ಮಾಡಿದರೂ ಮೊದಲ ವಾರದ ಅಪಾಯ ಉಳಿದೇ ಇರುತ್ತದೆ.

ವರದಿಯ ಭಾಷೆಯ ಬಗ್ಗೆ ಒಂದು ಮಾತು. ರಕ್ತನಿಧಿಯಲ್ಲಿ ಒಂದು ಪರೀಕ್ಷೆ ರಿಯಾಕ್ಟಿವ್ ಬಂದರೆ, ಅಂದರೆ ಆ ಕಿಟ್ ಪ್ರತಿಕ್ರಿಯೆ ತೋರಿದರೆ, ಬಾಟಲಿಯನ್ನು ಎಸೆಯುತ್ತಾರೆ, ಅಷ್ಟು ಸಾಕು. ಅದರಿಂದ ದಾನಿಗೆ ಸೋಂಕಿದೆ ಎಂದಾಗುವುದಿಲ್ಲ. ಅವರನ್ನು ಐಸಿಟಿಸಿಗೆ, ಅಂದರೆ ಎಚ್ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಬೇರೆಬೇರೆ ತತ್ತ್ವದ ಮೂರು ಕಿಟ್‌ಗಳಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ‘ಪಾಸಿಟಿವ್’ ಎಂದು ಬರೆಯುತ್ತಾರೆ. ಕಿಟ್‌ಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಕರೆಯುತ್ತಾರೆ, ಅದೂ ವಿಂಡೋ ಅವಧಿಯ ಅಂಚಿನಲ್ಲಿರಬಹುದೆಂಬ ಅನುಮಾನದಿಂದಲೇ. ಅನುವಾದದಲ್ಲಿ ರಿಯಾಕ್ಟಿವ್, ಪಾಸಿಟಿವ್ ಎರಡನ್ನೂ ಹಾಗೇ ಉಳಿಸಿ. ‘ಧನಾತ್ಮಕ’ ಎಂದು ಬರೆದರೆ ಗಣಿತ ಮೇಷ್ಟ್ರು ನೆನಪಾಗುತ್ತಾರೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. 1983ರ ಅಧ್ಯಾಯದಲ್ಲಿ ನಿಜಕ್ಕೂ ‘ಇನ್‌ಕ್ಯುಬೇಷನ್’ ಎಂದೇ ಇದೆ, ‘ಗವಾಕ್ಷಿ’ ಅನುವಾದಕರ ಕೈಚಳಕ. ಇನ್ನು ಎರಡು ಕಡೆ ಅನುಮಾನ ಉಳಿದಿದೆ. “72 ಗಂಟೆಗಳ ಗವಾಕ್ಷಿ ಅವಧಿ” ಎಂದು ಒಂದು ಕಡೆ, “ಶಿಶುಗಳಲ್ಲಿ ಗವಾಕ್ಷಿ ಅವಧಿ 18 ತಿಂಗಳು” ಎಂದು ಇನ್ನೊಂದು ಕಡೆ. ಇವೂ ಅದೇ ವಿಂಡೋ ಏನು?

ಉತ್ತರ

ಎರಡೂ ಅಲ್ಲ.

72 ಗಂಟೆ ಎಂಬುದು ಪರೀಕ್ಷೆಯ ಲೆಕ್ಕವಲ್ಲ, ಮುಂಜಾಗ್ರತೆಯ ಔಷಧ ಶುರುಮಾಡುವ ಗಡುವು. ಸೂಜಿ ಚುಚ್ಚಿಕೊಂಡ ನರ್ಸ್‌ಗೋ, ಅತ್ಯಾಚಾರಕ್ಕೊಳಗಾದವರಿಗೋ ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಮಾತ್ರೆ ಶುರುಮಾಡಿ 28 ದಿನ ಕೊಡಬೇಕು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ‘72 ಗಂಟೆಗಳ ಗಡುವು’ ಎಂದು ತಿದ್ದಿ. ಇದನ್ನು ‘ಗವಾಕ್ಷಿ ಅವಧಿ’ ಎಂದು ಬಿಟ್ಟರೆ ಅಪಾಯವಿದೆ: ಮೂರು ದಿನ ಕಳೆದ ಮೇಲೆ ಪರೀಕ್ಷೆ ಮಾಡಿಸಿದರಾಯಿತು ಎಂದು ಓದಿಕೊಂಡವರು ಔಷಧದ ಸಮಯವನ್ನೇ ಕಳೆದುಕೊಂಡಾರು.

ಶಿಶುವಿನದು ವಿಂಡೋಗೆ ಪೂರಾ ತಿರುಗುಮುರುಗು. ಸೋಂಕಿತ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟುತ್ತವೆ, 18 ತಿಂಗಳವರೆಗೂ ಉಳಿದಿರಬಹುದು. ಸೋಂಕಿಲ್ಲದ ಮಗುವಿನ ಪ್ರತಿಕಾಯ ಪರೀಕ್ಷೆಯೂ ಅಲ್ಲಿಯವರೆಗೆ ಪಾಸಿಟಿವ್ ಬರಬಹುದು. ವಿಂಡೋದಲ್ಲಿ ಸೋಂಕಿದ್ದೂ ನೆಗೆಟಿವ್, ಇಲ್ಲಿ ಸೋಂಕಿಲ್ಲದೆಯೂ ಪಾಸಿಟಿವ್. ಆದ್ದರಿಂದ ಆರು ವಾರದ ಹೊತ್ತಿಗೆ ಮಗುವಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ದಪ್ಪ ಕಾಗದದ ವೃತ್ತಗಳ ಮೇಲೆ ಬೀಳಿಸಿ, ಪೂರಾ ಒಣಗಿಸಿ, ಪ್ರಯೋಗಾಲಯಕ್ಕೆ ಕಳಿಸಿ ವೈರಸ್ಸಿನ ವಂಶವಾಹಿಯನ್ನೇ ಹುಡುಕುತ್ತಾರೆ. ವೃತ್ತ ತುಂಬದಿದ್ದರೆ, ಒಂದು ಹನಿಯ ಮೇಲೆ ಇನ್ನೊಂದು ಬಿದ್ದಿದ್ದರೆ, ಹಸಿಯಾಗಿದ್ದಾಗಲೇ ಲಕೋಟೆಗೆ ಹಾಕಿದ್ದರೆ ಆ ಕಾಗದ ವಾಪಸ್ಸು ಬರುತ್ತದೆ, ತಾಯಿ ಮಗುವನ್ನು ಎತ್ತಿಕೊಂಡು ಮತ್ತೆ ಬರಬೇಕು. ಆ ವಾಕ್ಯವನ್ನು ಹೀಗೆ ಬರೆಯಬಹುದು: “ತಾಯಿಯಿಂದ ಬಂದ ಪ್ರತಿಕಾಯಗಳು ಉಳಿದಿರುವ ಸಾಧ್ಯತೆ ಇರುವುದರಿಂದ 18 ತಿಂಗಳು ತುಂಬುವವರೆಗೆ ಪ್ರತಿಕಾಯ ಪರೀಕ್ಷೆಯೊಂದನ್ನೇ ನಂಬಿ ಮಗುವಿಗೆ ಸೋಂಕಿದೆ ಎನ್ನಲಾಗದು.”